ಮುದಕಪ್ಪನ ಮೂರನೆಯ ಪ್ರಬಂಧ

ಮುದಕಪ್ಪನು ಅರ್ಜಿಯನ್ನು ಕುಳಿತು ಬರೆಯುತ್ತಿದ್ದನು. ಪ್ರಬಂಧವನ್ನು ತಿರುಗಾಡಿ ಬರೆಯುತ್ತಿದ್ದನು. ಬೆಟಗೇರಿಯಲ್ಲಿ ನಾವಿಬ್ಬರೂ ಕೂಡಿ ಹಿಡಿದಿದ್ದ ಕೋಣೆ ಉದ್ದಕ್ಕೆ ಏಳು ಹೆಜ್ಜೆ ಇತ್ತು. ಪಕ್ಕದ ಮನೆಯಲ್ಲಿ ಮಗ್ಗದ ಲಾಳಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡುವ ಸಪ್ಪಳವಾದರೆ, ನಮ್ಮ ಕೋಣೆಯಲ್ಲಿ ಮುದಕಪ್ಪನ ಹೆಜ್ಜೆಯ ಸಪ್ಪಳ. ಏಳು ಹೆಜ್ಜೆ ಹೋಗುವನು, ಗೋಡೆಗೆ ಕೈ ತಾಗಿಸುವನು, ತಿರುಗುವನು.

"ಒಂದೀಟು ಕುಂಡ್ರೋ ಮಾರಾಯಾ, ನನಗ ತಲಿ ತಿರಗತೈತಿ" ಎಂದರೆ, "ನಾ ತಿರಗಿದ್ರ ನಿನ್ನ ತಲಿ ಯಾಕ ತಿರಗತೈತಿ? ನೀ ಓದು" ಎನ್ನುತ್ತಿದ್ದನು.

ಇದು ೧೯೫೬ನೆಯ ಇಸವಿಯ ಅಕ್ಟೋಬರ್ ತಿಂಗಳಿನ ಮಾತು. ನಾನು ಲಕ್ಷ್ಮೇಶ್ವರದಿಂದ ಗದುಗಿಗೆ ಕಾಲೇಜು ಕಲಿಯಲು ಬಂದ ಹದಿನೆಂಟರ ಹುಡುಗ. ಮುದಕಪ್ಪನಿಗೆ ಇಪ್ಪತ್ತೇಳು. ಶಿರಹಟ್ಟಿಯ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕುಳಿತು ಜನರ ಅರ್ಜಿ ಬರೆದುಕೊಡುವುದು ಅವನ ಉದ್ಯೋಗ. ಅದಕ್ಕೆ ಸರಕಾರದ ಪರವಾನಗಿ ಇತ್ತು. ಸಂಸ್ಥಾನದ ಕಾಲದಲ್ಲಿ ಅವನ ತಂದೆ ಅದೇ ಗಿಡದ ಕೆಳಗೆ ಮರಾಠಿಯ ಮೋಡಿ ಲಿಪಿಯಲ್ಲಿ ಅರ್ಜಿ ಬರೆಯುತ್ತಿದ್ದನು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಕನ್ನಡದ ಅರ್ಜಿಗಳು ಹೆಚ್ಚಾದವು, ಮಗನ ಕೈ ನಡೆಯಿತು. ಮುದಕಪ್ಪನು ಎಡಗೈಯಿಂದ ಬರೆಯುತ್ತಿದ್ದನು. ಅವನ ಅಕ್ಷರಗಳು ಗಾಳಿಗೆ ಬಾಗಿದ ಜೋಳದ ಬೆಳೆಯ ಹಾಗೆ ಒಂದೇ ಕಡೆಗೆ ವಾಲುತ್ತಿದ್ದವು. ಆ ಅಕ್ಷರವನ್ನು ತಾಲೂಕಿನ ಮಂದಿಯೆಲ್ಲ ಗುರುತಿಸುತ್ತಿದ್ದರು.

ಕಾಲೇಜು ಕಲಿತು ಮಾಸ್ತರನಾಗಬೇಕೆಂಬ ಆಸೆ ಅವನಿಗೆ ತಡವಾಗಿ ಹುಟ್ಟಿತು. ಹೆಂಡತಿ ಸಿದ್ದಲಿಂಗವ್ವನು ಒಂದು ವರ್ಷ ತಾಳುತ್ತೇನೆಂದಳು. ಗಿಡದ ಕೆಳಗಿನ ಅವನ ಜಾಗವನ್ನು ಜೊತೆಗಾರ ಗುಡುಸಾಬನು ದೀಪಾವಳಿಯವರೆಗೆ ಕಾಯುತ್ತೇನೆಂದನು. ಗುಡುಸಾಬನೂ ಅರ್ಜಿ ಬರೆಯುವವನೇ, ಮುದಕಪ್ಪನಿಗೆ ಕಸಬು ಕಲಿಸಿದವನು.

ಆಗಿನ ಕಾಲೇಜಿನಲ್ಲಿ 'ಟರ್ಮ್ ಕೊಡುವುದು' ಎಂಬ ಪದ್ಧತಿ ಇತ್ತು. ಹಾಜರಿ ತುಂಬಿದೆ, ಬರೆಯಬೇಕಾದ ಬರವಣಿಗೆ ಒಪ್ಪಿಸಿದ್ದಾನೆ ಎಂದು ಪ್ರಾಧ್ಯಾಪಕರು ಸಹಿ ಮಾಡಿದರೆ ವಿದ್ಯಾರ್ಥಿಗೆ ಟರ್ಮ್ ಸಿಕ್ಕಿತು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ, ವರ್ಷ ಹೋಯಿತು. ನಮ್ಮ ಕನ್ನಡ ಪ್ರಾಧ್ಯಾಪಕರಾದ ಹೇಮಪ್ಪನವರು ಮೂರು ಪ್ರಬಂಧ ಬರೆಯಿರಿ ಎಂದಿದ್ದರು: ಸಾಹಿತ್ಯದ್ದೊಂದು, ಇತಿಹಾಸದ್ದೊಂದು, ನೀತಿಯದೊಂದು. ದೀಪಾವಳಿ ರಜೆಗೆ ಮುಂಚಿನ ಶನಿವಾರ, ಅಂದರೆ ಇಪ್ಪತ್ತೇಳನೆಯ ತಾರೀಖು, ಕಡೆಯ ದಿನ.

ಮುದಕಪ್ಪನು ಮೂರನ್ನೂ ಎಲ್ಲರಿಗಿಂತ ಮೊದಲೇ ಬರೆದುಕೊಟ್ಟನು. ಹೇಮಪ್ಪನವರು ಮೂರನ್ನೂ ತಿರುಗಿ ಕೊಟ್ಟರು.

ಸಾಹಿತ್ಯಕ್ಕೆ, ನೀವು ಓದಿದ ಕಥೆಯಲ್ಲಿ ನಿಮ್ಮನ್ನು ಕಾಡಿದ ಪಾತ್ರ ಯಾವುದು ಎಂಬುದು ವಿಷಯ. ಮುದಕಪ್ಪನು ಸೋತ ರಾಜನೊಬ್ಬನ ಪರವಾಗಿ ಗೆದ್ದ ರಾಜನಿಗೆ ಒಂದು ಅರ್ಜಿಯನ್ನೇ ಬರೆದಿದ್ದನು. "ಮೇಲ್ಕಾಣಿಸಿದ ಕಾರಣಗಳಿಂದ ಸದರಿ ಯುದ್ಧದ ಮರುವಿಚಾರಣೆ ನಡೆಸಿ ಅರ್ಜಿದಾರನ ರಾಜ್ಯ ಅರ್ಜಿದಾರನಿಗೆ ಕೊಡಿಸಬೇಕಾಗಿ ವಿನಂತಿ" ಎಂದು ಮುಗಿದಿತ್ತು. ಅದನ್ನು ಓದಿದಾಗ ವರ್ಗವೆಲ್ಲ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಮುದಕಪ್ಪಜ್ಜಾರ, ಅದಕ್ಕ ಸ್ಟ್ಯಾಂಪ್ ಹಚ್ಚೂದು ಮರತೀರಿ" ಎಂದರು. ಹೇಮಪ್ಪನವರು ಮಾತ್ರ ನಗಲಿಲ್ಲ.

"ಮುದಕಪ್ಪನವರ, ಭಾಷಾ ಬೆಣ್ಣಿ ಇದ್ದಂಗ ಐತಿ. ಆದರ ಇದರಾಗ ನೀವೆಲ್ಲಿ ಅದೀರಿ?" ಎಂದು ಕೇಳಿದರು.

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವನ ತಪ್ಪೂ ಅಲ್ಲ. ಹತ್ತು ವರ್ಷದಿಂದ ದಿನಕ್ಕೆ ಐದಾರು ಸಲ 'ನಾನು' ಎಂದು ಬರೆದವನು ಅವನು. ಆ ನಾನು ಒಮ್ಮೆ ಹೊಲ ಕಳೆದುಕೊಂಡ ರೈತ, ಒಮ್ಮೆ ಅತ್ತೆಯ ಮೇಲೆ ದೂರು ಹೇಳುವ ಸೊಸೆ, ಒಮ್ಮೆ ಸೊಸೆಯ ಮೇಲೆ ದೂರು ಹೇಳುವ ಅತ್ತೆ. ಅವನೇ ಎಂದೂ ಆಗಿರಲಿಲ್ಲ.

ಎರಡು ಪ್ರಬಂಧಗಳನ್ನು ಹೇಗೋ ತಿದ್ದಿಕೊಂಡನು. ಸಂಸ್ಥಾನ ಮುಗಿದಾಗ ಕಚೇರಿಯ ಹಳೆಯ ಮುದ್ರೆಯ ಶಿಕ್ಕೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಒಯ್ದದ್ದನ್ನು ತಾನು ಗಿಡದ ಕೆಳಗಿನಿಂದ ನೋಡಿದ್ದನ್ನು ಇತಿಹಾಸಕ್ಕೆ ಬರೆದನು. ಹೇಮಪ್ಪನವರು, "ಇದು ಇತಿಹಾಸ" ಎಂದು ಒಪ್ಪಿಕೊಂಡರು. ಸೋತ ರಾಜನನ್ನೂ ಒಂದು ದಡಕ್ಕೆ ಮುಟ್ಟಿಸಿದನು. ಉಳಿದದ್ದು ನೀತಿಯ ಪ್ರಬಂಧ. ಅದರ ವಿಷಯ ಹೀಗಿತ್ತು: 'ತನ್ನ ತಪ್ಪು ತನಗೆ ಮಾತ್ರ ಗೊತ್ತಿದ್ದು, ಬೇರೆ ಯಾರಿಗೂ ಗೊತ್ತಿಲ್ಲದಿರುವಾಗ ಮನುಷ್ಯನು ಏನು ಮಾಡಬೇಕು?'

ಮೊದಲನೆಯ ಸಲ ಅವನು ಬರೆದುಕೊಟ್ಟದ್ದರಲ್ಲಿ, "ಸದರಿ ಮನುಷ್ಯನು ಬಡವನೂ ಸಂಸಾರಸ್ಥನೂ ಇದ್ದು, ಪೂರ್ವದಲ್ಲಿ ಯಾವ ಗುನ್ಹೆಯನ್ನೂ ಮಾಡಿದವನಲ್ಲ" ಎಂದಿತ್ತು. ಹೇಮಪ್ಪನವರು ಆ ಸಾಲಿನ ಕೆಳಗೆ ಗೆರೆ ಎಳೆದು, "ಈ ಸದರಿ ಮನಶ್ಯಾ ಯಾರ್ರೀ?" ಎಂದರು. ಮುದಕಪ್ಪನ ಮುಖ ಇಳಿಯಿತು. ಕಾಗದ ಇಸಿದುಕೊಂಡು ಬಂದವನು ಅಂದಿನಿಂದ ಕೋಣೆ ಅಳೆಯಲು ಹತ್ತಿದನು.

ನಾನು ನನ್ನ ನೀತಿ ಪ್ರಬಂಧವನ್ನು ಎರಡು ಗಂಟೆಯಲ್ಲಿ ಮುಗಿಸಿದ್ದೆ. ಸತ್ಯವೇ ದೊಡ್ಡದು ಎಂದು ಮೂರು ಪುಟ ಬರೆದಿದ್ದೆ, ಹೇಮಪ್ಪನವರು ಅದಕ್ಕೆ ಒಳ್ಳೆಯ ಗುಣಗಳನ್ನೂ ಹಾಕಿದ್ದರು. "ನಂದ ನೋಡಿ ಬರಕೋ" ಎಂದು ಕೊಟ್ಟೆ. ಅವನು ಓದಿ, "ಛಲೋ ಐತಿ. ನೀ ಏನೂ ಮಾಡಿಲ್ಲಲ್ಲ, ಅದಕ್ಕ ಇಷ್ಟ ಜಲ್ದಿ ಆತು" ಎಂದು ತಿರುಗಿ ಕೊಟ್ಟನು.

ಬುಧವಾರ ಸಂಜೆ ಭೀಷ್ಮ ಕೆರೆಯ ದಂಡೆಗೆ ಹೋಗಿದ್ದೆವು. ಅಲ್ಲಿಯೂ ಅವನು ನಿಲ್ಲಲಿಲ್ಲ. ನಡೆಯುತ್ತಲೇ ಹೇಳಿದನು.

ಮೂರು ವರ್ಷದ ಹಿಂದೆ ಡೋಣಿ ಊರಿನ ಗಾಳೆಪ್ಪ ಎಂಬ ರೈತನು ಬೇವಿನ ಗಿಡದ ಕೆಳಗೆ ಬಂದನು. ಅವನ ತಂಗಿ ಕರೆವ್ವನನ್ನು ಬಾಳೆಹೊಸೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡಿದ್ದನು. ಗಂಡನ ಹೊಲ ಯಾರ ಹೆಸರಿಗೆ ಎಂಬ ವಿಚಾರಣೆ ನಡೆದಿತ್ತು. ಕರೆವ್ವನು ಡೋಣಿಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದಾಳೆ, ತಾರೀಖು ಮುಂದೆ ಹಾಕಬೇಕು ಎಂದು ಗಾಳೆಪ್ಪನು ಅರ್ಜಿ ಬರೆಸಿದನು. ಎಂಟು ದಿನಕ್ಕೆ ಅದೇ ಕರೆವ್ವನ ಮೈದುನ ಮೂಕಪ್ಪನು ಬಂದನು. ಆಕೆ ಮನೆ ಬಿಟ್ಟು ಹೋಗಿದ್ದಾಳೆ, ಹೊಲ ನನ್ನ ಹೆಸರಿಗೆ ಆಗಬೇಕು ಎಂದನು. ಅದನ್ನೂ ಮುದಕಪ್ಪನೇ ಬರೆದನು.

"ಎರಡೂ ಕಡೀದೂ ಬರದಿ?" ಎಂದೆ.

"ಗಿಡದ ಬುಡಕ ಕುಂತಾಂವಾ ಖರೇನ ಸುಳ್ಳ ಅಂತ ಕೇಳಂಗಿಲ್ಲೋ. ಅದು ನಮ್ಮ ಪದ್ಧತಿ. ಬಾಯಿ ಅವರದು, ಕೈ ನಮ್ಮದು. ಅದರದ್ದಲ್ಲ ನನಗ ತ್ರಾಸು."

"ಮತ್ತ್ಯಾವುದರದ್ದು?"

"ಮೂಕಪ್ಪ ಬರೇ ಮನಿ ಬಿಟ್ಟ ಹೋಗ್ಯಾಳ ಅಂದಿದ್ದ. ಅಷ್ಟಕ್ಕ ಅರ್ಜಿ ನಿಲ್ಲೂದಿಲ್ಲ ಅಂತ ನನಗ ಗೊತ್ತಿತ್ತು. ವಿಧವಿ ಉಡಿಕಿ ಆಗಿ ಇನ್ನೊಬ್ಬನ್ನ ಕಟಗೊಂಡ್ರ ಮೊದಲಿನ ಗಂಡನ ಹೊಲದ ಮ್ಯಾಲ ಹಕ್ಕಿಲ್ಲ. ಅದಕ್ಕ, 'ಸದರಿಯವಳು ಬೇರೆ ಗಂಡನೊಡನೆ ಉಡಿಕೆಯಾಗಿದ್ದಾಳೆ' ಅಂತ ಒಂದ ಸಾಲು ನಾನ ಸೇರಿಸಿದೆ. ಅವ ಹೇಳಿರಲಿಲ್ಲ. ಅರ್ಜಿ ಗಟ್ಟಿ ಆಗಲಿ ಅಂತ ಸೇರಿಸಿದೆ. ಅಕಿ ತಾಯಿ ಹಾಸಿಗಿ ಕಡೆ ಕುಂತಾಳ ಅಂತ ಎಂಟ ದಿನದ ಹಿಂದ ಇದs ಕೈಲೆ ಬರದಿದ್ದೆ."

"ಆಮ್ಯಾಲ?"

"ಆಮ್ಯಾಲ ಏನು? ಮೂಕಪ್ಪ ಎರಡು ಸಾಕ್ಷಿ ತಂದ. ಹೊಲ ಹೋತು. ಆ ಸಾಲು ನಂದು ಅನ್ನೂದು ನನಗ ಒಬ್ಬಗs ಗೊತ್ತೈತಿ. ಮೂಕಪ್ಪಗ ಓದಾಕ ಬರೂದಿಲ್ಲ."

ಮರುದಿನ ಕಾಲೇಜಿಗೆ ಹೋಗಲಿಲ್ಲ. ಮುಂಜಾನೆಯ ಮೋಟರಿನಲ್ಲಿ ಡಂಬಳಕ್ಕೆ ಹೋಗಿ, ಅಲ್ಲಿಂದ ಕಪ್ಪತಗುಡ್ಡದ ಕಡೆಗೆ ಮುಖ ಮಾಡಿ ಡೋಣಿಗೆ ನಡೆದೆವು. ಅವನು ಎಷ್ಟು ಬಿರುಸಾಗಿ ನಡೆದನೆಂದರೆ ನಾನು ಓಡಬೇಕಾಯಿತು. ಊರು ಕಂಡ ಮೇಲೆ ಮಾತ್ರ ಹೆಜ್ಜೆ ನಿಧಾನವಾಯಿತು. ಎರಡು ಸಲ ಚಪ್ಪಲಿಯಲ್ಲಿ ಇಲ್ಲದ ಹರಳನ್ನು ಕೊಡವಿಕೊಂಡನು.

ಗಾಳೆಪ್ಪನ ಅಂಗಳದಲ್ಲಿ ಕಿತ್ತು ತಂದ ಶೇಂಗಾ ಬಳ್ಳಿಯ ರಾಶಿ ಬಿದ್ದಿತ್ತು. ನಾಲ್ಕೈದು ಹೆಂಗಸರು ಕುಳಿತು ಕಾಯಿ ಹರಿಯುತ್ತಿದ್ದರು. ಗಾಳೆಪ್ಪನು ಕಂಬಕ್ಕೆ ಒರಗಿದ್ದನು. ಮುದಕಪ್ಪನನ್ನು ನೋಡಿ, "ಏ ಕರೆವ್ವಾ, ಎಡಗೈ ಬರಿಯಾಂವ ಬಂದಾನ ನೋಡು" ಎಂದನು. ಕರೆವ್ವನಿಗೆ ಮೂವತ್ತೈದರ ಸುಮಾರು ವಯಸ್ಸು. ಕೈ ನಿಲ್ಲಿಸದೆ ಮೇಲೆ ನೋಡಿದಳು.

ಮುದಕಪ್ಪನು ನಿಂತೇ ಎಲ್ಲವನ್ನೂ ಹೇಳಿದನು. ಹೆಂಗಸರ ಕೈಗಳು ಒಂದೊಂದಾಗಿ ನಿಂತವು. ಕರೆವ್ವನ ಕೈ ಮಾತ್ರ ಕಾಯಿ ಹರಿಯುತ್ತಲೇ ಇತ್ತು.

"ಹಂಗಾರ ಉಡಿಕಿ ಮಾತು ಮೂಕಪ್ಪಂದಲ್ಲಾ?" ಎಂದಳು. "ಮೂರ ವರ್ಷಾತು, ದಿನಾ ಮುಂಜಾನೆದ್ದು ಅವಗ ಬೈದೀನಿ. ಅಷ್ಟೂ ಬೈಗಳ ಇನ್ನ ನಿನಗ ಹೊಳ್ಳಿಸಬೇಕಲ್ಲೋ!"

"ಹೊಳ್ಳಸವ್ವಾ."

"ಅದಿರಲಿ, ಯಾರ ಕೂಡ ಮಾಡಿದ್ದಿ ನನ್ನ ಉಡಿಕಿ? ಏನ ಹೆಸರು ಅಂವಂದು?"

"ಹೆಸರ ಬರದಿರಲಿಲ್ಲವ್ವಾ."

"ನೋಡ್ರೇ, ಗಂಡನ್ನ ಕೊಟ್ಟಾನ, ಹೆಸರ ಕೊಟ್ಟಿಲ್ಲ. ಮೂರ ವರ್ಷ ಹೆಸರಿಲ್ಲದ ಗಂಡನ್ನ ಕಟಗೊಂಡ ಬಾಳ್ವಿ ಮಾಡೀನಿ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕರೆವ್ವನು ನಗಲಿಲ್ಲ. ಮುದಕಪ್ಪನು ಕೈ ಮುಗಿದು, "ನಿನ್ನ ಹೆಸರಿಲೆ ಒಂದ ಗಟ್ಟಿ ಅರ್ಜಿ ಬರದ ಕೊಡತೀನಿ. ಇಂಥಾ ಅರ್ಜಿ ನಾ ಯಾರಿಗೂ ಬರದಿರಬಾರದು, ಹಂಗ ಬರೀತೀನಿ" ಎಂದನು.

"ಬ್ಯಾಡ. ನನ್ನ ಹೆಸರು ರಗಡ ಬರದೀದಿ. ನಿನ್ನ ಹೆಸರಿಲೆ ಬರಿ."

ಗಾಳೆಪ್ಪನು ಕಂಬ ಬಿಟ್ಟು ಮುಂದೆ ಬಂದನು. "ಯವ್ವಾ, ಅಂವಾ ತನ್ನ ಹೆಸರಿಲೆ ಬರದ್ರ ಅಂವನ ಪರವಾನಗಿ ಹೋಗತೈತಿ."

"ನನ್ನ ಹೊಲ ಹೋಗಲಿಲ್ಲೇನು?" ಎಂದು ಕರೆವ್ವನು ಹೊಸ ಬಳ್ಳಿಯೊಂದನ್ನು ಎಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ನಿಂತೀರಲ್ಲ, ಕುಂಡ್ರಿ. ನೀರ ಕುಡದ ಹೋಗ್ರಿ" ಎಂದಳು. ನಾವು ನಿಂತೇ ಕುಡಿದೆವು.

ಶುಕ್ರವಾರ ಶಿರಹಟ್ಟಿಗೆ ಹೋದೆವು. ಬೇವಿನ ಗಿಡದ ಕೆಳಗೆ ಮುದಕಪ್ಪನ ಕಲ್ಲು ಖಾಲಿ ಇತ್ತು. ಪಕ್ಕದಲ್ಲಿ ಗುಡುಸಾಬನು ಕನ್ನಡಕವನ್ನು ಹಣೆಗೇರಿಸಿ ಕುಳಿತಿದ್ದನು. "ಬಂದೇನು ಕಾಲೇಜಿನ ಸಾಹೇಬಾ! ದೀಪಾವಳಿ ಇನ್ನೂ ಬಂದಿಲ್ಲ, ನಿನ್ನ ಕಲ್ಲ ನಾ ಮಾರಿಲ್ಲ" ಎಂದನು.

ಮುದಕಪ್ಪನು ಕಲ್ಲಿನ ಮೇಲೆ ಕುಳಿತನು. ಮೊಣಕಾಲಿನ ಮೇಲೆ ಹಲಗೆ ಇಟ್ಟು, ಕಾಗದ ಹಾಸಿ, 'ನಾನು' ಎಂದು ಬರೆದನು. ಬರೆದು ಎದ್ದು ಗಿಡದ ಸುತ್ತ ಒಂದು ಸುತ್ತು ಬಂದನು. ಮತ್ತೆ ಕುಳಿತನು. ಹತ್ತು ಸಾಲು ಬರೆಯುವಷ್ಟರಲ್ಲಿ ಆರು ಸಲ ಎದ್ದನು. ಗುಡುಸಾಬನು ನನ್ನನ್ನು ಕೇಳಿದನು, "ಏನಾಗೇತಿ ಇವಗ? ಇರಿವಿ ಕಡದಾವೇನು?"

ಬರೆದು ಮುಗಿದ ಮೇಲೆ ಗುಡುಸಾಬನು ಕಾಗದ ಇಸಿದುಕೊಂಡನು.

"ಯಾರ ಅರ್ಜಿ ಇದು?"

"ನಂದು."

"ನಿಂದಂದ್ರ? ಪಾರ್ಟಿ ಯಾರು?"

"ನಾನs."

ಗುಡುಸಾಬನು ಓದಿದನು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೊಮ್ಮೆ ಓದಿದನು. ದನಿ ತಗ್ಗಿಸಿ, "ಹುಚ್ಚ ಹಿಡದೈತೇನಲೇ? ಇದನ್ನ ಕೊಟ್ರ ಈ ಕಲ್ಲಿನ ಮ್ಯಾಲ ನೀ ಮತ್ತ ಕುಂಡ್ರಾಕಾಗೂದಿಲ್ಲ. ಕೊಡs ಬೇಕಂದ್ರ ಒಂದ ಮಾತು ಕೇಳು. ಇಲ್ಲಿ, 'ಪಕ್ಷಗಾರನ ಮಾತನ್ನು ತಪ್ಪು ತಿಳಿದು' ಅಂತ ಒಂದ ಸಾಲು ಸೇರಸು. ಅಕಿ ಕೆಲಸಾನೂ ಆಗತೈತಿ, ನಿನ್ನ ಪರವಾನಗೀನೂ ಉಳಿತೈತಿ. ಬರಿ, ಜಾಗಾ ಐತಿ" ಎಂದನು.

ಎರಡು ಸಾಲುಗಳ ನಡುವೆ ನಿಜವಾಗಿಯೂ ಜಾಗ ಇತ್ತು. ಗುಡುಸಾಬನು ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ, ಶಿಷ್ಯನ ಮೇಲಿನ ಪ್ರೀತಿಯಿಂದ. ಮುದಕಪ್ಪನು ಲೇಖಣಿಯನ್ನು ಮಸಿಯಲ್ಲಿ ಅದ್ದಿದನು. ಎಡಗೈ ಕಾಗದದ ಮೇಲೆ ಆ ಜಾಗಕ್ಕೆ ಸರಿಯಾಗಿ ಬಂದು ನಿಂತಿತು. ಮಸಿ ತೊಟ್ಟಿಕ್ಕಿ ಒಂದು ಕಲೆ ಬಿತ್ತು.

"ಅವತ್ತ ಸೇರಿಸಿದ್ದೂ ಇಂಥಾದ್ದs ಒಂದ ಸಾಲು, ಗುಡುಸಾಬಣ್ಣಾ" ಎಂದನು ಮುದಕಪ್ಪ. ಕಲೆಯ ಮೇಲೆ ಮಣ್ಣು ಉದುರಿಸಿ, ಊದಿ, ಕೆಳಗೆ ಸಹಿ ಮಾಡಿದನು.

ಕಚೇರಿಯ ಗುಮಾಸ್ತ ಸಕ್ರಪ್ಪನು ಓದಿ ಗಾಬರಿಯಾದನು. "ಮಾರಾಯಾ, ಮುಂದಿನ ಗುರುವಾರ ನಾವೆಲ್ಲಾ ಬ್ಯಾರೆ ರಾಜ್ಯ. ಮುಂಬಯಿ ಹೋತು, ಮೈಸೂರು ಬಂತು. ದಫ್ತರಾ ಎಲ್ಲಾ ಗಂಟ ಕಟ್ಟಾಕ ಹತ್ತೀವಿ. ಹತ್ತ ದಿನಾ ಬಿಟ್ಟ ಬಾ, ಅಷ್ಟರಾಗ ನಿನ್ನ ಮನಸು ಹೊಳ್ಳಿದ್ರೂ ಹೊಳ್ಳಬಹುದು" ಎಂದನು.

"ಅದಕ್ಕs ಇವತ್ತ ಬಂದೀನ್ರಿ" ಎಂದು ಮುದಕಪ್ಪನು ಪರವಾನಗಿಯ ಕಾಗದವನ್ನೂ ಅರ್ಜಿಯ ಜೊತೆಗೇ ಇಟ್ಟನು. ಅರ್ಜಿ ಮುಟ್ಟಿದ್ದಕ್ಕೆ ಪೋಚ ಬರೆಯಿಸಿಕೊಂಡು ಹೊರಗೆ ಬಂದನು.

ಮನೆಯಲ್ಲಿ ಸಿದ್ದಲಿಂಗವ್ವನು ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. "ಅಕಿ ಹೊಲಕ್ಕ ನೀವು ಜವಾಬ್ದಾರಿ, ಒಪ್ಪಿದೆ. ನಮ್ಮ ಒಲಿಗೆ ಯಾರು? ಗಿಡದ ಬುಡಕಿನ ಜಾಗಾ ಕೊಟ್ಟ ಬಂದ್ರಿ. ಇನ್ನ ಆ ಟರ್ಮಿನ ಸಹಿ ಇಲ್ಲದ ಈ ಹೊಸ್ತಿಲಾ ದಾಟಬ್ಯಾಡ್ರಿ" ಎಂದು ನಮ್ಮಿಬ್ಬರಿಗೂ ಬುತ್ತಿ ಕಟ್ಟಿಕೊಟ್ಟಳು.

ಶನಿವಾರ ಕಾಲೇಜಿನಲ್ಲಿ ರಜೆಯ ಗದ್ದಲ. ಹೇಮಪ್ಪನವರ ಕೋಣೆಯ ಮುಂದೆ ಟರ್ಮಿನ ಸಹಿಗಾಗಿ ಸಾಲು ನಿಂತಿತ್ತು. ಮುದಕಪ್ಪನ ಕೈಯಲ್ಲಿ ಪ್ರಬಂಧವಿರಲಿಲ್ಲ. ಅರ್ಜಿಯ ನಕಲು ಪ್ರತಿ ಮಾತ್ರ ಇತ್ತು. ಅದನ್ನೇ ಮೇಜಿನ ಮೇಲೆ ಇಟ್ಟನು. ಹೇಮಪ್ಪನವರು ಓದಲು ಹಿಡಿದ ಹೊತ್ತು ನನಗೆ ಬಹಳ ಉದ್ದವೆನಿಸಿತು.

"ಇದು ಅರ್ಜಿ" ಎಂದರು.

"ಹೌದ್ರಿ."

"ಕಡೀಕ ವಿನಂತಿ ಎಲ್ಲೈತಿ? ನೀವು ವಿನಂತಿ ಇಲ್ಲದ ಏನೂ ಬರಿಯೂದಿಲ್ಲಲ್ಲ?"

"ಕೇಳಾಕ ಏನೂ ತಿಳೀಲಿಲ್ರಿ."

ಹೇಮಪ್ಪನವರು ಕಾಗದವನ್ನು ಮತ್ತೊಮ್ಮೆ ತಿರುವಿದರು. "ಮನಶ್ಯಾ ಏನ ಮಾಡಬೇಕು ಅಂತ ನಾ ಕೇಳಿದ್ದೆ. ನೀವು ಏನ ಮಾಡಿದ್ರಿ ಅಂತ ಬರದೀರಿ."

"ಬ್ಯಾರೆ ಮನಶ್ಯಾರದ್ದು ನನಗ ಗೊತ್ತಿಲ್ರಿ, ಸರ್."

ಹೇಮಪ್ಪನವರು ಒಂದು ಬಿಳಿಯ ಹಾಳೆಯನ್ನು ಮುಂದೆ ನೂಕಿದರು. "ನೀವೆಲ್ಲಿ ಅದೀರಿ ಅಂತ ಈಗ ಕಾಣಿಸ್ತು. ಆದರ ಪ್ರಬಂಧಕ್ಕ ಎದುರಿನ ಮಾತೂ ಬೇಕು. ಇದನ್ನ ಮಾಡಬಾರದಿತ್ತು ಅನ್ನಾವರು ಇರತಾರ. ಅವರ ಮಾತು ಒಂದ ಪುಟ ಬರೀರಿ. ಅವರ ಅರ್ಜಿ ಬರದಂಗ ಅಲ್ಲ. ಅವರ ಮಾತು ನಿಮಗ ಹೆಂಗ ನಟ್ಟೈತಿ, ಹಂಗ. ಗಂಟಿ ಆಗೂತನಕ ನಾ ಇಲ್ಲೇ ಇರತೀನಿ."

ಮುದಕಪ್ಪನು ಹಾಳೆಯನ್ನು ಪಡಸಾಲೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ನಿಂತೇ ಬರೆದನು. ಒಂದು ಸಾಲು ಬರೆಯುವನು, ಪಡಸಾಲೆಯ ತುದಿಯವರೆಗೆ ಹೋಗುವನು, ಬರುವನು, ಇನ್ನೊಂದು ಸಾಲು ಬರೆಯುವನು. ಹುಡುಗರು ನಕ್ಕು ದಾರಿ ಬಿಟ್ಟರು. ಗುಡುಸಾಬನ ಮಾತನ್ನು ಬರೆದನು. ಅದು ಪ್ರೀತಿಯ ಮಾತೆಂದೂ ಬರೆದನು. ಹೆಂಡತಿಯ, ನಮ್ಮ ಒಲೆಗೆ ಯಾರು ಎಂಬ ಪ್ರಶ್ನೆಯನ್ನು ಬರೆದು, ಅದರ ಕೆಳಗೆ, "ಇದಕ್ಕೆ ನನ್ನ ಹತ್ತಿರ ಇಂದು ಉತ್ತರವಿಲ್ಲ" ಎಂದಷ್ಟೇ ಬರೆದನು. ಗಂಟೆ ಹೊಡೆಯಿತು. ಹೇಮಪ್ಪನವರು ಆ ಪುಟವನ್ನು ಅರ್ಜಿಯ ನಕಲಿಗೆ ಗುಂಡುಸೂಜಿಯಿಂದ ಚುಚ್ಚಿ, ಟರ್ಮಿನ ಕಾಗದಕ್ಕೆ ಸಹಿ ಮಾಡಿದರು. ಗುಣ ಎಷ್ಟು ಕೊಟ್ಟರೆಂದು ಅವನು ನೋಡಲಿಲ್ಲ. ನಾನು ನೋಡಿದೆ, ನನ್ನದಕ್ಕಿಂತ ಎರಡು ಕಡಿಮೆ.

ಅಂದು ಸಂಜೆಯ ಮೋಟರಿನಲ್ಲಿ ಅವನು ಹೊಸ್ತಿಲು ದಾಟಲು ಶಿರಹಟ್ಟಿಗೆ ಹೋದನು. ದಾರಿಯುದ್ದಕ್ಕೂ ಕಾಗದವನ್ನು ಅಂಗಿಯ ಕಿಸೆಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡನೆಂದು ಆಮೇಲೆ ತಾನೇ ಹೇಳಿ ನಕ್ಕನು. ಪರವಾನಗಿ ರದ್ದಾಯಿತು. ಗುಡುಸಾಬನು ಖಾಲಿ ಕಲ್ಲಿನ ಮೇಲೆ ತನ್ನ ಮಸಿಕುಡಿಕೆ ಇಟ್ಟುಕೊಂಡನು, ಬೇರೆ ಯಾರನ್ನೂ ಕೂಡಿಸಲಿಲ್ಲ. ಸಿದ್ದಲಿಂಗವ್ವನು ಎರಡು ವರ್ಷ ಬೇರೆಯವರ ಹತ್ತಿ ಬಿಡಿಸಿ ಒಲೆ ಉರಿಸಿದಳು. ಅವನು ಇಂಗ್ಲೀಷಿನಲ್ಲಿ ಒಮ್ಮೆ ನಪಾಸಾಗಿ, ಆಮೇಲೆ ಪಾಸಾಗಿ, ಮುಂಡರಗಿಯಲ್ಲಿ ಮಾಸ್ತರನಾದನು. ಅದೇ ಶಾಲೆಯಲ್ಲಿ ಹನ್ನೊಂದು ವರ್ಷ ನಾವಿಬ್ಬರೂ ಕೂಡಿ ಕಲಿಸಿದೆವು. ಪ್ರಬಂಧದ ತಾಸಿನಲ್ಲಿ ಅವನು ಕುರ್ಚಿಯಲ್ಲಿ ಕುಳಿತದ್ದನ್ನು ಒಬ್ಬ ಹುಡುಗನೂ ನೋಡಿಲ್ಲ.

ಕರೆವ್ವನ ವಿಚಾರಣೆ ಹೊಸ ರಾಜ್ಯದಲ್ಲಿ ಮತ್ತೆ ತೆರೆಯಿತು. ಮುದಕಪ್ಪನು ಮೂರು ಸಲ ಸಾಕ್ಷಿ ಹೇಳಿ ಬಂದನು. ೧೯೫೯ರ ಸುಗ್ಗಿಯ ಹೊತ್ತಿಗೆ ಹೊಲ ಅವಳ ಹೆಸರಿಗೆ ತಿರುಗಿ ಬಂದಿತು. ಆ ಸುದ್ದಿಯನ್ನು ಗಾಳೆಪ್ಪನೇ ಮುಂಡರಗಿಯ ಸಂತೆಗೆ ಬಂದಾಗ ಶಾಲೆಗೆ ಬಂದು ಹೇಳಿದನು. ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದೆವು.

"ತಂಗಿ ಏನರ ಹೇಳಿ ಕಳಿಸ್ಯಾಳೇನು?" ಎಂದು ಮುದಕಪ್ಪನು ಕೇಳಿದನು. ದನಿಯಲ್ಲಿ ಸ್ವಲ್ಪ ಅಳುಕಿತ್ತು.

"ಹೇಳ್ಯಾಳ" ಎಂದನು ಗಾಳೆಪ್ಪ. "ಹೊಲ ಬಂತು, ಆ ಉಡಿಕಿ ಗಂಡನ ಹೆಸರ ಇನ್ನೂ ಬಂದಿಲ್ಲ, ಮಾಸ್ತರನ್ನ ಕೇಳ್ಕೊಂಡ ಬಾ ಅಂದಾಳ."

ಮುದಕಪ್ಪನು ಕಣ್ಣಲ್ಲಿ ನೀರು ಬರುವಂತೆ ನಕ್ಕನು. ನಕ್ಕು, ಎದ್ದು, ಪಡಸಾಲೆಯ ಆ ತುದಿಯವರೆಗೆ ಹೋಗಿ, ಗೋಡೆಗೆ ಕೈ ತಾಗಿಸಿ ತಿರುಗಿದನು.